ಸಿಡಿದದ್ದು ಕೆಪಾಸಿಟರ್ ಅಲ್ಲ

ಹೋದ ತಿಂಗಳು ನಮ್ಮ ಮನೆಯ ಸಂಪಿನ ಮೋಟಾರು ಸುಟ್ಟುಹೋಯಿತು. ಹಾಸನದಲ್ಲಿ ನಾವಿರುವ ಬೀದಿಗೆ ನೀರು ಬಿಡುವುದೇ ಅಪರೂಪ. ಬಿಟ್ಟ ದಿನವೇ ಇದು ಕೈಕೊಟ್ಟಿತು. ರಿಪೇರಿಯವನು ಬಂದು ಜಗಲಿಯ ಮೇಲೆ ಗೋಣಿಚೀಲ ಹಾಸಿ, ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿದ. ಒಳಗಿಂದ ಒಂದು ವಾಸನೆ ಬಂತು ನೋಡಿ... ಸುಟ್ಟ ವಾರ್ನಿಷ್ಷು, ತಂತಿಯ ಮೇಲಿನ ಎನಾಮಲ್ ಕರಗಿದ ಘಾಟು. ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ರಿಪೇರಿಯವನು "ಸಾ, ಕೆಪಾಸಿಟರ್ ಒಂದ್ಸಲ ನೋಡ್ಲಾ?" ಎಂದು ಮೂರು ಸಲ ಕೇಳಿದನಂತೆ. 

ಆ ವಾಸನೆ ತುಂಬಿದ ಅಂಗಡಿಯೊಂದರಲ್ಲಿ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಆಗ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಹಳ್ಳಿಮೈಸೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಸ್ವಂತ ಊರು ಚನ್ನರಾಯಪಟ್ಟಣ, ರೂಮು ಹೊಳೆನರಸೀಪುರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಸಂಜೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು, ಸ್ಟಾಪಿನ ಎದುರಿಗೇ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಅದರ ಯಜಮಾನರನ್ನು ಊರೆಲ್ಲ ವೈಂಡಿಂಗಣ್ಣ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹೆಸರು ಬೇರೆ ಇತ್ತು, ಅಂಗಡಿಯ ಬೋರ್ಡಿನಲ್ಲೂ ಬರೆದಿತ್ತು. ಅದನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ.

ಐವತ್ತು ದಾಟಿದ ಸಣಕಲು ಆಸಾಮಿ. ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರು, ಒಂದು ಬೀಡಿ ಕಟ್ಟು. ಮೊದಮೊದಲು ನಾನು ಅಲ್ಲಿ ಕೂರುತ್ತಿದ್ದದ್ದು ನೆರಳಿಗೆ. ಆಮೇಲೆ ಅವರ ಕೆಲಸ ನೋಡುವುದಕ್ಕೆ. ಸುಟ್ಟ ತಂತಿಯನ್ನು ಕತ್ತರಿಸಿ ಹೊರಗೆಳೆದು ಸುತ್ತು ಎಣಿಸುತ್ತಿದ್ದರು. ಎಣಿಸುವಾಗ ಸಾಕ್ಷಾತ್ ತಹಶೀಲ್ದಾರರೇ ಬಂದರೂ ಮಾತಾಡಿಸಕೂಡದು. ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಸಲ ಉಜ್ಜಿದರೆ ಸಾಕು, ಇಂಥ ಗೇಜು, ಎಂದರೆ ಇಷ್ಟು ದಪ್ಪ, ಎಂದು ಹೇಳಿಬಿಡುತ್ತಿದ್ದರು. ನಾನು ನಂಬಲಿಲ್ಲ. ಸ್ಕೂಲಿನ ಲ್ಯಾಬಿನಿಂದ ಸ್ಕ್ರೂಗೇಜ್ ತಂದು ನಾಲ್ಕು ತಂತಿ ಅಳೆದೆ. ನಾಲ್ಕೂ ಅವರು ಹೇಳಿದ್ದೇ. "ನಿಮ್ ಸ್ಕ್ರೂಗೇಜು ಪಾಸಾಯ್ತು ಬುಡಿ ಸಾ" ಎಂದು ಹೇಳಿ, ನಗದೆ ಬೀಡಿ ಹಚ್ಚಿದರು.

ಆ ಸೀಮೆಯ ರೈತರಿಗೆ ಅವರ ಕೈಗುಣದ ಮೇಲೆ ಎಂಥ ನಂಬಿಕೆ ಎಂದರೆ, ಅರಕಲಗೂಡು ಕಡೆಯಿಂದಲೂ ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಬರುತ್ತಿದ್ದರು. ಅವರು ಮುಟ್ಟಿದ ಮೋಟಾರು ಮತ್ತೆ ಸುಡುವುದಿಲ್ಲ ಎಂದು ಮಾತು. ಹೊಲವಿಲ್ಲ, ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರೇ, ಅಂಗಡಿಯ ಹಿಂದೆ ಒಂದೂವರೆ ಕೋಣೆಯ ಮನೆ. ಅವರಿಗಿದ್ದದ್ದು ಆ ಹೆಸರೊಂದೇ, ಆ ಹೆಸರಿದ್ದದ್ದು ಆ ಎರಡು ಬೆರಳುಗಳಲ್ಲಿ.

ಅವರದೊಂದು ಪದ್ಧತಿ ಹೇಳಬೇಕು. ಬೇಕಾದ ದಪ್ಪದ ತಂತಿ ಅಂಗಡಿಯಲ್ಲಿ ಇಲ್ಲದಿದ್ದರೆ, ಸಣ್ಣ ತಂತಿ ಎರಡನ್ನು ಜೊತೆಯಾಗಿ ಹಿಡಿದು ಒಂದರಂತೆ ಸುತ್ತುತ್ತಿದ್ದರು. ಜೋಡಿ ತಂತಿ ಎನ್ನುವುದು ಅದಕ್ಕೆ. ಈ ಕಸುಬಿನವರೆಲ್ಲ ಮಾಡುತ್ತಾರೆ, ಇವರು ಬೇಡದ ಕಡೆಯೂ ಮಾಡುತ್ತಿದ್ದರು. "ಜೋಡಿ ಆಕುದ್ರೆ ತಣ್ಣಗಿರ್ತದೆ ಸಾ, ಎಷ್ಟ್ ಜಗ್ಗುದ್ರೂ ತಡ್ಕತ್ತದೆ" ಎನ್ನುವರು. ಮೋಟಾರಿನ ವಿಷಯದಲ್ಲಿ ಆ ಮಾತು ನೂರಕ್ಕೆ ನೂರು ನಿಜ.

ಇನ್ನು ನನ್ನ ವಿಷಯ. ನನ್ನ ಜೇಬಿನಲ್ಲಿ ಆಗ ಯಾವಾಗಲೂ ಒಂದು ಹಿತ್ತಾಳೆಯ ಕೊಳವೆ ಇರುತ್ತಿತ್ತು. ನೋಡುವುದಕ್ಕೆ ಸಣ್ಣ ಟಾರ್ಚು. ಒಳಗೆ ಒಂದು ದಪ್ಪ ಲಿಥಿಯಂ ಸೆಲ್ಲು, ಬುಡದಲ್ಲಿ ಒತ್ತುವ ಗುಂಡಿ, ಮೇಲೆ ಬಟ್ಟಲಿನಂಥ ತಲೆ. ಆ ಬಟ್ಟಲಿನಲ್ಲಿ ಎರಡು ಪುಟ್ಟ ಕಂಬ, ಕಂಬಗಳಿಗೆ ಬಿಗಿದ ಸ್ಪ್ರಿಂಗಿನಂಥ ಕಾಯಿಲ್ಲು, ಕಾಯಿಲ್ಲಿನ ಒಳಗೆ ತೂರಿಸಿದ ಹತ್ತಿ, ಹತ್ತಿಯಲ್ಲಿ ನಿಕೋಟಿನ್ ಬೆರೆಸಿದ ದ್ರವ. ಗುಂಡಿ ಒತ್ತಿದರೆ ಕಾಯಿಲ್ಲು ಕಾಯುತ್ತದೆ, ದ್ರವ ಆವಿಯಾಗುತ್ತದೆ, ಅದನ್ನು ಸೇದುವುದು. ವೇಪ್ ಎನ್ನುತ್ತಾರೆ. ಅದರಲ್ಲೂ ನನ್ನದು ಮೆಕ್ಯಾನಿಕಲ್ ಮಾಡ್. ಎಂದರೆ ಒಳಗೆ ಸರ್ಕೀಟು ಗಿರ್ಕೀಟು ಏನೂ ಇಲ್ಲ, ಕರೆಂಟು ಹೆಚ್ಚಾದರೆ ತಡೆಯುವ ಫ್ಯೂಸೂ ಇಲ್ಲ. ಸೆಲ್ಲಿಗೂ ಕಾಯಿಲ್ಲಿಗೂ ನಡುವೆ ಇರುವುದು ಆ ಗುಂಡಿ ಮಾತ್ರ.

ಹಾಸನದಲ್ಲಿ ಬಿ.ಎಡ್. ಓದುವಾಗ ರೂಮಿನ ಗೆಳೆಯನೊಬ್ಬ ಅಂಥವು ಎರಡು ಕೊಟ್ಟಿದ್ದ. ಸಿಗರೇಟು ಬಿಡಿಸುತ್ತದೆ ಎಂದ. ಬಿಡಿಸಿತು, ತಾನು ಹಿಡಿದುಕೊಂಡಿತು. ಸಿಗರೇಟಿಗಾದರೆ ಹೊರಗೆ ಹೋಗಬೇಕು, ಕಡ್ಡಿ ಗೀರಬೇಕು, ಅದು ಮುಗಿಯುತ್ತದೆ. ಇದಕ್ಕೆ ಮುಗಿಯುವುದು ಎಂಬುದೇ ಇಲ್ಲ. ಎರಡು ಪೀರಿಯಡ್ಡಿನ ನಡುವೆ ಸ್ಕೂಲಿನ ಶೌಚಾಲಯದ ಚಿಲಕ ಹಾಕಿಕೊಂಡು ಎರಡು ದಮ್ಮು ಎಳೆದು, ಏಲಕ್ಕಿ ಜಗಿಯುತ್ತ ಹೊರಗೆ ಬಂದು, ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಯಿಸುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಅಸಹ್ಯವಾದಾಗ ಇನ್ನೊಂದು ದಮ್ಮು.

ಅಷ್ಟರಲ್ಲಿ ಕಾನೂನು ಬಂತು. ಮಾರುವುದು, ತರಿಸುವುದು, ದಾಸ್ತಾನು ಇಡುವುದು ಎಲ್ಲ ಅಪರಾಧ ಎಂದು ಪೇಪರಿನಲ್ಲಿ ಓದಿದೆ. ಬರೀ ಸೇದುವವನ ಗತಿ ಏನೆಂದು ಯಾರೂ ಸರಿಯಾಗಿ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ನಾನು ಪ್ರೊಬೇಷನ್‌ನಲ್ಲಿದ್ದೆ. ಒಂದು ದೂರು ಸಾಕು, ಕೆಲಸ ಹೋಗಲು. ರೆಡಿ ಕಾಯಿಲ್ಲು ಸಿಗುವುದು ನಿಂತಿತು, ನಾನೇ ಸುತ್ತಿಕೊಳ್ಳಬೇಕಾಯಿತು. ಹಾಗೆ ಒಂದು ಸಂಜೆ ವೈಂಡಿಂಗಣ್ಣನ ಹತ್ತಿರ ಕರೆಂಟ್ ಒಲೆಗೆ ಹಾಕುವ ನಿಕ್ರೋಮ್ ತಂತಿ, ಸಣ್ಣದು, ಇದೆಯಾ ಎಂದು ಕೇಳಿದೆ. ಯಾತಕ್ಕೆ ಎಂದರು. ಸುಳ್ಳು ಹೇಳಲು ಬಾಯಿ ತೆರೆದವನು, ಅದೇಕೋ, ಕೊಳವೆಯನ್ನೇ ತೆಗೆದು, ಒಂದು ದಮ್ಮು ಎಳೆದು ತೋರಿಸಿದೆ.

"ಇದೇನ್ ಸಾ, ಕುಕ್ಕರ್ ಥರ ಒಗೆ ಬುಡ್ತದೆ" ಎಂದರು. ಆಮೇಲೆ ಎಲ್ಲ ಬಿಚ್ಚಿಸಿ ನೋಡಿದರು. ಮೋಟಾರು ನೋಡುವಂತೆಯೇ, ಬೆಳಕಿಗೆ ಹಿಡಿದು, ಮೂಸಿ, ಕಾಯಿಲ್ಲಿನ ಸುತ್ತು ಎಣಿಸಿ. "ಆರೇ ಸುತ್ತಾ?" ಎಂದು ಅವರಿಗೆ ತಮಾಷೆಯಾಯಿತು.

ಆ ಆರು ಸುತ್ತಿನ ಹಿಂದೆ ಎಷ್ಟು ಲೆಕ್ಕ ಇದೆ ಎಂದು ಹೇಳಿದೆ. ನಾನು ಚಟಕ್ಕೆ ಬಿದ್ದಿದ್ದೆನೇ ಹೊರತು ಹುಚ್ಚನಾಗಿರಲಿಲ್ಲ. ತುಂಬಿದ ಸೆಲ್ಲು ನಾಲ್ಕು ಚಿಲ್ಲರೆ ವೋಲ್ಟು. ಕಾಯಿಲ್ಲಿನ ತಡೆ ಒಂದು ಓಮ್ ಇದ್ದರೆ ನಾಲ್ಕು ಆಂಪಿಯರ್ ಹರಿಯುತ್ತದೆ. ಅರ್ಧ ಓಮ್ ಆದರೆ ಎಂಟು. ಇನ್ನೂ ಇಳಿಸುತ್ತ ಹೋದರೆ ಕರೆಂಟು ಏರುತ್ತ ಹೋಗುತ್ತದೆ, ಒಂದು ಮಟ್ಟ ದಾಟಿದ ಮೇಲೆ ಸೆಲ್ಲಿಗೆ ತಾಳಲಾಗುವುದಿಲ್ಲ, ಬೆಂಕಿ ಕಾರುತ್ತದೆ. ಆದ್ದರಿಂದ ಹೊಸ ಕಾಯಿಲ್ಲು ಹಾಕಿದಾಗಲೆಲ್ಲ ಗುಂಡಿ ಒತ್ತುವ ಮೊದಲು ಓಮ್ ಅಳೆಯಬೇಕು. ಮಾಮೂಲಿ ಮೀಟರು ಅಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, ಅದಕ್ಕೆ ಬೇರೆ ಪುಟ್ಟ ಮೀಟರು ಬೇಕು; ನನ್ನದು ರೂಮಿನಲ್ಲಿತ್ತು. ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೂರು ಹರಿದಿದ್ದರೂ ಎಸೆಯಬೇಕು, ಏಕೆಂದರೆ ಕೊಳವೆಯೇ ಲೋಹ. ಕಾಯಿಲ್ಲಿನ ಕಾಲು ಬಟ್ಟಲಿಗೆ ತಾಗಕೂಡದು. ಕೊಳವೆಯ ಬುಡದಲ್ಲಿರುವ ತೂತು ಮುಚ್ಚಕೂಡದು. ಬೀಗದ ಕೈ ಇರುವ ಜೇಬಿನಲ್ಲಿ ಸೆಲ್ಲು ಹಾಕಕೂಡದು. ಇಷ್ಟೆಲ್ಲ ನಾನೇ ಹೇಳಿದ್ದೆ. ಅವರು ತಲೆಯಾಡಿಸುತ್ತ ಕೇಳಿದ್ದರು.

ಅವರಿಗೆ ಬೇಕಾಗಿದ್ದದ್ದು ಬೇರೆ. ಬೀಡಿಯಿಂದ ಅವರ ಎದೆ ಹಾಳಾಗಿತ್ತು. ಒಂದು ಮೋಟಾರು ಎತ್ತಿ ಬೆಂಚಿನ ಮೇಲಿಟ್ಟರೆ ಹತ್ತು ನಿಮಿಷ ಕೆಮ್ಮು. ಬಿಡದಿದ್ದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಬೈದು ಕಳಿಸಿದ್ದರು. ಮನೆಯವರು ಕಟ್ಟು ಬಚ್ಚಿಟ್ಟರೆ ಇವರು ರೈತರ ಕೈಯಿಂದ ಈಸಿಕೊಂಡು ಸೇದುತ್ತಿದ್ದರು. "ಇದ ಸೇದುದ್ರೆ ಬೀಡಿ ಬುಡಬೋದಾ ಸಾ?" ಎಂದು ಕೇಳಿದರು. ಮುಖದಲ್ಲಿ ಆಸೆಯಿತ್ತು.

ಇಲ್ಲ ಅಣ್ಣ, ನಾನೇ ಇದರಲ್ಲಿ ಸಿಕ್ಕಿಕೊಂಡಿದ್ದೀನಿ, ನೀವು ಬರಬೇಡಿ ಎನ್ನಬೇಕಿತ್ತು. ಆದರೆ ಅಷ್ಟು ದಿನ ಒಬ್ಬನೇ ಬಚ್ಚಿಟ್ಟುಕೊಂಡಿದ್ದ ಗುಟ್ಟಿಗೆ ಒಬ್ಬರು ಜೊತೆ ಸಿಕ್ಕಿದರಲ್ಲ ಎಂದು ನನಗೆ ಒಳಗೊಳಗೇ ಹಿತವಾಗಿತ್ತು. ಮಾರನೆಯ ದಿನವೇ ಇನ್ನೊಂದು ಕೊಳವೆ, ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಒಂದು ಸೆಲ್ಲು ತಂದುಕೊಟ್ಟೆ. ಇದು ಬಡಪಾಯಿ ಸೆಲ್ಲು, ಹೆಚ್ಚು ಕರೆಂಟು ಕೇಳಬಾರದು ಎಂದು ಹೇಳಿ, ನಾನೇ ಸಣ್ಣ ತಂತಿಯಲ್ಲಿ ಒಂದು ಓಮಿನ ಕಾಯಿಲ್ಲು ಸುತ್ತಿ ಬಿಗಿದೆ. ಅವರ ಕಣ್ಣೆದುರು ಸುತ್ತುವಾಗ ಎರಡು ಸಲ ತಪ್ಪಿ, ಬಿಚ್ಚಿ ಮತ್ತೆ ಸುತ್ತಿದೆ. "ಪರವಾಗಿಲ್ಲ ಸಾ, ನಮ್ಮಂಗಡೀಲಿ ಕೆಲ್ಸಕ್ಕೆ ಸೇರ್ಕಬೋದು" ಎಂದರು.

ಎರಡು ಮೂರು ವಾರ ಬೀಡಿ ನಿಜವಾಗಿಯೂ ಕಡಿಮೆಯಾಯಿತು. ಆಮೇಲೆ ಒಂದೇ ದೂರು. "ಒಗೆ ಸಾಲಕಿಲ್ಲ ಸಾ. ಬೀಡಿ ಇಡ್ದಂಗೆ ಗಂಟ್ಲು ಇಡಿಯಕಿಲ್ಲ ಇದು." ಇಷ್ಟೇ ಅಣ್ಣ ಇರಬೇಕಾದ್ದು ಎಂದೆ. ಅವರು ಸುಮ್ಮನಾದರು. ಕಸುಬಿನವರು ಸುಮ್ಮನಾದರೆ ಒಪ್ಪಿದರು ಎಂದಲ್ಲ ಎನ್ನುವುದು ನನಗೆ ಆಗ ತಿಳಿಯಲಿಲ್ಲ.

ಅದು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ಬಂದಾಗ ಅಂಗಡಿಯಲ್ಲಿ ಇಬ್ಬರು ರೈತರು ಮೋಟಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ವೈಂಡಿಂಗಣ್ಣ ಅವರಿಗೆ ಬೆನ್ನು ಮಾಡಿ, ಅಂಗೈ ಬಿಚ್ಚಿ ನನಗೆ ಮಾತ್ರ ಕಾಣುವಂತೆ ಹಿಡಿದರು. ಅವರೇ ಸುತ್ತಿದ ಕಾಯಿಲ್ಲು. ನೋಡಲು ಒಡವೆಯಂತಿತ್ತು, ಸುತ್ತಿಗೆ ಸುತ್ತು ಅಂಟಿಕೊಂಡು, ಒಂದು ಕೂದಲು ಹೆಚ್ಚು ಕಡಿಮೆಯಿಲ್ಲ. ಕರೆಂಟ್ ಒಲೆಯ ದಪ್ಪ ತಂತಿ. ಅದೂ ಜೋಡಿ.

ದಪ್ಪ ತಂತಿಗೆ ತಡೆ ಕಡಿಮೆ, ಜೋಡಿ ಹಾಕಿದರೆ ಅದರಲ್ಲೂ ಅರ್ಧ. ಕಣ್ಣಳತೆಯಲ್ಲೇ ಅದು ಒಂದು ಓಮಿನ ಹತ್ತನೇ ಒಂದು ಪಾಲು ಇರಬಹುದು. ನಲವತ್ತು ಆಂಪಿಯರ್ ಕೇಳುತ್ತದೆ ಅದು, ಆ ಬಡಪಾಯಿ ಸೆಲ್ಲನ್ನು. "ಸೀರೀಸ್ ಲ್ಯಾಂಪ್ ಆಕಿ ನೋಡ್ದೆ ಸಾ, ಬಲ್ಬು ಜೋರಾಗ್ ಉರೀತು" ಎಂದು ಪಿಸುಗುಟ್ಟಿದರು. ತಂತಿಯ ಮೂಲಕ ಬಲ್ಬಿಗೆ ಕರೆಂಟು ಹರಿಸಿ ನೋಡುವುದು ಅದು; ಅವರ ಕಸುಬಿನಲ್ಲಿ ಬಲ್ಬು ಉರಿದರೆ ತಂತಿ ಎಲ್ಲೂ ತುಂಡಾಗಿಲ್ಲ, ಕಾಯಿಲ್ಲು ಚೆನ್ನಾಗಿದೆ ಎಂದರ್ಥ. ಮೋಟಾರಿನ ಸುತ್ತಿಗೆ ಮನೆಯ ಕರೆಂಟು ಕೊಟ್ಟಾಗ ಆ ಸುತ್ತೇ ಒಂದು ಬಗೆಯ ಅಯಸ್ಕಾಂತವಾಗಿ ಕರೆಂಟನ್ನು ತಡೆದು ನಿಲ್ಲಿಸುತ್ತದೆ, ತಂತಿ ಎಷ್ಟು ದಪ್ಪವಿದ್ದರೂ ನಡೆಯುತ್ತದೆ. ಸೆಲ್ಲಿನ ಕರೆಂಟಿಗೆ ಆ ತಡೆ ಇಲ್ಲ. ಜೀವಮಾನವೆಲ್ಲ ಮೋಟಾರು ಕಟ್ಟಿದ ಮನುಷ್ಯ ಇದನ್ನು ಯೋಚಿಸಬೇಕಾಗಿ ಬಂದದ್ದೇ ಇಲ್ಲ. ನಾನು ಇದನ್ನೇ ಹತ್ತನೇ ಕ್ಲಾಸಿಗೆ ಪಾಠ ಮಾಡುವವನು.

ಹೇಳಬಹುದಿತ್ತು. ಆದರೆ ಆ ಇಬ್ಬರು ರೈತರ ಎದುರು, ವೈಂಡಿಂಗಣ್ಣ ಸುತ್ತಿದ ತಂತಿಯಲ್ಲಿ ತಪ್ಪಿದೆ ಎಂದು ಹೇಗೆ ಹೇಳುವುದು? ಹೇಳಿದರೆ ಏನದು, ಯಾತರದು ಎಂದು ಅವರು ಎದ್ದು ಬಂದು ನೋಡುತ್ತಾರೆ. ಮೇಷ್ಟ್ರು ತಂದುಕೊಟ್ಟದ್ದು ಎಂದು ಗೊತ್ತಾಗುತ್ತದೆ... ಅಷ್ಟರಲ್ಲಿ ಬಸ್ಸು ಹಾರ್ನ್ ಮಾಡಿತು. "ಸೋಮವಾರ ಮೀಟರ್ ತರ್ತೀನಿ ಅಣ್ಣ, ಅಳೆದು ನೋಡೋಣ" ಎಂದೆ. ಅಲ್ಲಿಯವರೆಗೂ ಒತ್ತಬೇಡಿ ಎಂದೆನೇ? ಎಷ್ಟು ವರ್ಷ ನೆನೆದರೂ ಆ ಎರಡು ಪದ ನನ್ನ ಬಾಯಿಂದ ಬಂದದ್ದು ನನಗೆ ಕೇಳಿಸುವುದಿಲ್ಲ. ಇಲ್ಲ, ಅನ್ನಲಿಲ್ಲ. ಓಡಿಹೋಗಿ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಮೀಟರು ಬ್ಯಾಗಿನಲ್ಲಿತ್ತು. ಸ್ಕೂಲಿನ ಗೇಟಿನಲ್ಲೇ ನಮ್ಮ ಅಟೆಂಡರ್ ಸಿಕ್ಕಿ, "ವೈಂಡಿಂಗಣ್ಣನ ಕೈಲಿ ಕೆಪಾಸಿಟರ್ ಸಿಡೀತಂತಲ್ಲ ಸಾ ನೆನ್ನೆ. ಕೈಯೆಲ್ಲ ಬೆಂದೋಗಿ ಆಸ್ನಕ್ಕೆ ಒತ್ಕಂಡೋದ್ರು" ಎಂದ. ನಾನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಎರಡು ಪೀರಿಯಡ್ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಆಮೇಲೆ ಹೊಟ್ಟೆನೋವೆಂದು ಹೇಳಿ ಹಾಸನದ ಬಸ್ಸು ಹತ್ತಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಬಲಗೈಯನ್ನು ಮೊಣಕೈವರೆಗೂ ಕಟ್ಟಿ ದಿಂಬಿನ ಮೇಲಿಟ್ಟಿದ್ದರು. ನನ್ನನ್ನು ಕಂಡ ಕೂಡಲೇ ಹೆಂಡತಿಯನ್ನು ಎಳನೀರು ತರಲು ಕಳಿಸಿದರು. ಆಕೆ ಆಚೆ ಹೋಗುವವರೆಗೂ ಕಾದು, ಮೆಲ್ಲಗೆ ಹೇಳಿದರು.

"ಕೆಪಾಸಿಟರ್ ಅಂದಿವ್ನಿ ಸಾ. ಡಾಕ್ಟ್ರುಗೂ ಅಂಗೇ ಯೋಳಿವ್ನಿ, ಊರೋರ್ಗೂ ಅಂಗೇ ಯೋಳಿವ್ನಿ. ಆ ಕೊಳ್ವೆ ನಾಲೆ ಸೇರ್ತು. ನಿಮ್ದೇನೋ ಪ್ರೊಬೇಷನ್ ಅಂತಿದ್ರಲ್ಲ, ಅದೊಂದು ಮುಗೀಲಿ. ಆಮ್ಯಾಲೆ ನೀವೇ ಯೋಳುವ್ರಂತೆ ಎಲ್ರುಗೂ."

ನಾನು ಅವರ ಕಾಲು ಮುಟ್ಟಿದೆ. ಅಳು ಬಂತು. ಆದರೆ ಅಳುವಿಗೂ ಮೊದಲು ಬಂದದ್ದು ಸಮಾಧಾನ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಉಳಿದುಕೊಂಡೆ ಎಂದುಕೊಂಡೆ. ಕೊಳವೆಯನ್ನು ಯಾರ ಕೈಯಲ್ಲಿ ನಾಲೆಗೆ ಎಸೆಯಿಸಿದರು ಎಂದು ಕೇಳುವ ಯೋಚನೆಯೂ ಬರಲಿಲ್ಲ.

ಅವರು ಹೇಳಿದ ಸುಳ್ಳು ಎಂಥದ್ದು ಎಂದು ನನಗೆ ತಿಳಿದದ್ದು ಆಮೇಲೆ. ಮೋಟಾರು ಬಿಚ್ಚುವ ಮೊದಲು ಕೆಪಾಸಿಟರಿನ ಎರಡು ಕಾಲುಗಳಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ, ಒಳಗೆ ಉಳಿದ ಕರೆಂಟನ್ನು ಇಳಿಸಬೇಕು. ಈ ಕಸುಬಿಗೆ ಕಾಲಿಟ್ಟ ಮೊದಲ ದಿನದ ಪಾಠ ಅದು, ಹೊಲದಲ್ಲಿ ಪಂಪು ನಡೆಸುವ ರೈತರಿಗೂ ಗೊತ್ತು. ಅಂಥದ್ದನ್ನು ಮರೆತು ಕೈ ಸುಟ್ಟುಕೊಂಡರು ಎಂದರೆ ಜನ ಏನೆಂದುಕೊಳ್ಳುತ್ತಾರೆ? ಬೇರೆ ಯಾವ ಸುಳ್ಳನ್ನಾದರೂ ಹೇಳಬಹುದಿತ್ತು, ಸ್ಟೋವ್ ಎನ್ನಬಹುದಿತ್ತು. ಪಾಪ, ನೋವಿನಲ್ಲಿ ಬಾಯಿಗೆ ಬಂದದ್ದು ಕಸುಬಿನ ಮಾತೇ.

ಒಂದು ದಿನ ಅಂಗಡಿಯ ಪಕ್ಕದ ಟೀ ಹೋಟೆಲಿನಲ್ಲಿ ಕೂತಿದ್ದೆ. ದಪ್ಪ ಮೀಸೆಯ ರೈತರೊಬ್ಬರು, ಆ ಶನಿವಾರ ಅಂಗಡಿಯಲ್ಲಿದ್ದ ಇಬ್ಬರಲ್ಲಿ ಒಬ್ಬರು, ತಮ್ಮ ಜೊತೆಯವನಿಗೆ ಹೇಳುತ್ತಿದ್ದರು: "ಚಾರ್ಜ್ ಇಳಿಸ್ದೆ ಕೈ ಇಟ್ಟವ್ನೆ ಅಂದ್ರೆ ಬುದ್ದಿ ಮಂಕಾಗದೆ ಕಣ್ಲಾ ಅವ್ನಿಗೆ. ನಮ್ ಮೋಟ್ರು ಒಳೆನರ್ಸೀಪುರಕ್ಕೇ ಒತ್ಕಂಡೋಗವ." ನನ್ನ ಕೈಯಲ್ಲಿ ಟೀ ಲೋಟ ಇತ್ತು. ಕುಡಿದು ಮುಗಿಸಿದೆ, ಎದ್ದು ಹೋದೆ.

ಕೈ ಮಾಗಿತು. ಹೆಬ್ಬೆರಳು ತೋರುಬೆರಳಿನ ತುದಿಯ ಚರ್ಮ ಮಾತ್ರ ಬಿಗಿದುಕೊಂಡು, ಸ್ಪರ್ಶ ಹೋಯಿತು. ಗೇಜ್ ಪ್ಲೇಟು ತರಿಸಿಕೊಂಡು, ತಂತಿಯನ್ನು ಅದರ ಸೀಳಿಗೆ ತೂರಿಸಿ ನೋಡಿ ಕೆಲಸ ಮಾಡುತ್ತಿದ್ದರು. ನಿಧಾನವಾದರೂ ಅಚ್ಚುಕಟ್ಟು ಹಾಗೇ ಇತ್ತು. ಮೋಟಾರು ಬರುವುದೇ ನಿಂತಿತು. ಒಂದೊಂದು ದಿನ ಬೆಂಚಿನ ಮೇಲೆ ಒಂದೂ ಇರುತ್ತಿರಲಿಲ್ಲ, ಅವರು ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದರು. ಮತ್ತೆ ಬೀಡಿ ಹಿಡಿದಿದ್ದರು. ನಾನೂ ನನ್ನ ಕೊಳವೆಯನ್ನು ಬಿಟ್ಟು ಸಿಗರೇಟಿಗೆ ವಾಪಸ್ ಬಂದಿದ್ದೆ.

ಆಮೇಲೆ ನಾನು ಆ ಸ್ಟಾಪಿಗೆ ಹೋಗುವುದನ್ನೇ ಬಿಟ್ಟೆ. ಹಿಂದಿನ ಸ್ಟಾಪಿನಲ್ಲಿ ಇಳಿದು ನಾಲೆಯ ಏರಿ ಮೇಲೆ ಸ್ಕೂಲಿಗೆ ನಡೆಯುತ್ತಿದ್ದೆ, ಸಂಜೆಯೂ ಅದೇ ದಾರಿ. ವ್ಯಾಯಾಮಕ್ಕೆ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಆದರೂ ಒಂದು ದಿನ ಏರಿ ಮೇಲೆಯೇ ಎದುರಾದರು. ಕೈಯಲ್ಲಿ ಸೊಪ್ಪಿನ ಚೀಲ. ಬೈಯಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. "ಮುಗೀತಾ ಸಾ ನಿಮ್ದು?" ಎಂದರು ಅಷ್ಟೇ.

ಪ್ರೊಬೇಷನ್ ಮುಗಿದ ಆದೇಶ ಬಂದು ಒಂದು ತಿಂಗಳಾಗಿತ್ತು. ಆ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು.

"ಇನ್ನೂ ಇಲ್ಲ ಅಣ್ಣ" ಎಂದೆ.

"ಆಗ್ಲಿ ಬುಡಿ, ಅರ್ಜೆಂಟಿಲ್ಲ" ಎಂದು ಮುಂದೆ ನಡೆದರು. ಅವರು ತಿರುಗಿ ನೋಡುತ್ತಾರೇನೋ ಎಂದು ನಾನು ನಿಂತೇ ಇದ್ದೆ. ನೋಡಲಿಲ್ಲ.

ಯಾಕೆ ಹಾಗೆ ಹೇಳಿದೆ? ಆದೇಶ ಬಂದ ಮೇಲೂ ಹೆದರಿಕೆ ಹೋಗಲಿಲ್ಲ, ಅದು ಜಾಗ ಬದಲಾಯಿಸಿತು. ವಾರ್ಷಿಕ ಬಡ್ತಿ ಆಗಲಿ ಎಂದುಕೊಂಡೆ, ಆಮೇಲೆ ಮದುವೆ ಗೊತ್ತಾಯಿತು, ಹೆಣ್ಣಿನ ಕಡೆಯವರಿಗೆ ತಿಳಿದರೆ ಏನು ಗತಿ ಎಂದುಕೊಂಡೆ. ಆಮೇಲೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸಾಲಗಾಮೆ ಕಡೆಯ ಸ್ಕೂಲು ಸಿಕ್ಕಿತು, ಹಾಸನದಲ್ಲಿ ಮನೆ ಮಾಡಿದೆ. ಇನ್ನು ಆ ಊರಿಗೆ ಹೋಗಿ ಹಳೆಯದನ್ನು ಕೆದಕುವುದೇಕೆ ಎಂದುಕೊಂಡೆ. ಕಾರಣ ಹುಡುಕುವುದರಲ್ಲಿ ನನ್ನಂಥ ಜಾಣ ಇನ್ನೊಬ್ಬನಿಲ್ಲ. ಒಳಗೆ ಮಾತ್ರ ಒಂದು ಚಿಲಕ ಹಾಕಿಕೊಂಡು ಕೂತಂತೆ ಇತ್ತು, ಹಾಕಿಕೊಂಡವನೂ ನಾನೇ.

ಹೋದ ವರ್ಷ ಹಳೇ ಸ್ಕೂಲಿನ ಅಟೆಂಡರ್ ಫೋನು ಮಾಡಿದ. ಬೇರೇನೋ ಮಾತಿನ ನಡುವೆ, "ವೈಂಡಿಂಗಣ್ಣ ಓಗ್ಬುಟ್ರು ಸಾ, ಕೆಮ್ಮಿ ಕೆಮ್ಮಿ" ಎಂದ. ಅಂಗಡಿ ಅದಕ್ಕೂ ಮುಂಚೆಯೇ ಮುಚ್ಚಿತ್ತಂತೆ. ಆಗಲೂ ನಾನು ಹೋಗಲಿಲ್ಲ.

ಹೋದದ್ದು ಮೊನ್ನೆ, ಜಗಲಿಯಲ್ಲಿ ಆ ಮೋಟಾರು ಬಿಚ್ಚಿದ ಮೇಲೆ. ಅವರ ಹೆಂಡತಿ ಈಗ ಅರಕಲಗೂಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಂಡ ಕೂಡಲೇ ಗುರುತು ಹಿಡಿದರು. "ಬನ್ನಿ ಮೇಷ್ಟ್ರೇ" ಎಂದು ಚಾಪೆ ಹಾಕಿ, ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅಕ್ಕ, ಅವತ್ತು ಸಿಡಿದದ್ದು ಕೆಪಾಸಿಟರ್ ಅಲ್ಲ, ನಾನು ಕೊಟ್ಟ ಸಾಮಾನು, ಅಣ್ಣನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ ಎಂದೆ.

ಆಕೆ ಗಾಬರಿಯಾಗಲಿಲ್ಲ. "ಗೊತ್ತು ಕಣಪ್ಪ" ಎಂದರು. "ಆ ಕೊಳ್ವೆಯ ನಾಲೆಗೆ ಎಸ್ದೋಳು ನಾನೇ. ಇನ್ನೂ ಬಿಸಿ ಇತ್ತು."

"ಮತ್ತೆ ಯಾರಿಗೂ ಹೇಳಲಿಲ್ಲವಾ ಅಕ್ಕ?" ಎಂದೆ.

"ನಾನು ಬಡ್ಕಂಡೆ, ಜನ ಅಂಗೆಲ್ಲ ಆಡ್ಕತಾವ್ರೆ, ನಿಜ ಯೋಳ್ಬುಡಿ ಅಂತ. ಬ್ಯಾಡ ಕಣೆ, ಮೇಷ್ಟ್ರು ಕೆಲ್ಸ ಓಯ್ತದೆ, ಅದ್ಯಾವ್ದೋ ಮುಗೀಬೇಕಂತೆ, ಮುಗ್ದಮ್ಯಾಲೆ ಅವ್ರೇ ಬಂದು ಎಲ್ಲಾರ್ಗೂ ಯೋಳ್ತಾರೆ ಅನ್ನೋರು. ಕೊನೇಗೆ ಆಸಿಗೆ ಇಡ್ದಾಗ್ಲೂ ಅಷ್ಟೇಯ. ಮೇಷ್ಟ್ರುದು ಇನ್ನೂ ಮುಗ್ದಿಲ್ಲ ಅಂತ ಕಾಣ್ತದೆ ಅಂತಿದ್ರು." ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದರು. "ಈಗ ಮುಗೀತಾ ಮೇಷ್ಟ್ರೇ?"

ಆಕೆಯ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ನಿಜವಾಗಿಯೂ ಕೇಳಿದರು. ನಾನು ಮುಗಿಯಿತು ಎಂದೆ. ಯಾವಾಗ ಎಂದು ಹೇಳುವ ಧೈರ್ಯ ಅಲ್ಲಿಯೂ ಬರಲಿಲ್ಲ.

"ಅಂಗಾರೆ ನಂಗ್ಯಾಕೆ ಯೋಳ್ತೀರಿ? ಅಲ್ಲೋಗಿ ಯೋಳಿ" ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಅಲ್ಲಿಂದಲೇ ಬಸ್ಸು ಹಿಡಿದೆ. ವೈಂಡಿಂಗ್ ಅಂಗಡಿಯ ಜಾಗದಲ್ಲಿ ಈಗ ಕೋಳಿ ಅಂಗಡಿ. ಪಕ್ಕದ ಟೀ ಹೋಟೆಲು ಹಾಗೇ ಇದೆ. ಅಂದು ಇಲ್ಲಿ ಮಾತಾಡಿದ್ದ ದಪ್ಪ ಮೀಸೆಯ ರೈತರು ಬೆಂಚಿನ ಮೇಲಿದ್ದರು, ಮೀಸೆ ಬೆಳ್ಳಗಾಗಿತ್ತು. ಜೊತೆಗೆ ಇನ್ನೂ ಮೂರು ಜನ. ನಾನು ಯಾರೆಂದು ಹೇಳಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ. ಕೊಳವೆ, ಸೆಲ್ಲು, ಜೋಡಿ ತಂತಿ, ಆ ಶನಿವಾರ, ಆಸ್ಪತ್ರೆ. ನಾಲೆ ಏರಿಯ ಮೇಲೆ ಹೇಳಿದ ಸುಳ್ಳನ್ನೂ ಸೇರಿಸಿ ಹೇಳಿದೆ. ಬೈಯುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ, ಪೊಲೀಸಿನವರಿಗೆ ಹೇಳುತ್ತಾರೆ ಎಂದು ಇಷ್ಟು ವರ್ಷ ಏನೇನು ಹೆದರಿದ್ದೆನೋ ಅದಕ್ಕೆಲ್ಲ ಸಿದ್ಧನಾಗಿಯೇ ಹೇಳಿದೆ.

ಯಾರೂ ಏನೂ ಮಾಡಲಿಲ್ಲ. ಮೀಸೆಯ ರೈತರು ಪಕ್ಕದ ಕೋಳಿ ಅಂಗಡಿಯ ಕಡೆ ನೋಡಿದರು.

"ನಮ್ಮಪ್ಪನ ಕಾಲ್ದಿಂದ ಅವ್ನತ್ರಾನೇ ಕೊಡ್ತಿದ್ವು ಸಾ" ಎಂದರು. "ಎದುರಿಗ್ ಸಿಕ್ಕುದ್ರೆ ಮಕ ತಿರುಗುಸ್ಕಂಡು ಓಯ್ತಿದ್ದೆ ನಾನು. ಮೋಟ್ರು ಬ್ಯಾರೆ ಕಡೆ ಕೊಟ್ಟಿವ್ನಲ್ಲ ಅಂತ."

ಟೀ ಲೋಟ ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಇಷ್ಟ್ ದಿನ ಎಲ್ಲಿದ್ರಿ ನೀವು?"

"ಹಾಸನದಲ್ಲಿ."

"ಆಸ್ನ ಏನ್ ದೂರ ಸಾ. ಒಂದ್ ಬಸ್ಸು."

ಟೀ ಕುಡಿದು ಎದ್ದುಹೋದರು. ಸ್ಟಾಪಿನಲ್ಲಿ ನಾನು ಹತ್ತು ನಿಮಿಷವೂ ಕಾಯಲಿಲ್ಲ, ಹಾಸನದ ಬಸ್ಸು ಬಂತು. ಕೂರಲು ಸೀಟು ಸಿಕ್ಕಿತು. ಹೊತ್ತು ಮುಳುಗುವುದಕ್ಕೆ ಮುಂಚೆಯೇ ಮನೆಯಲ್ಲಿದ್ದೆ.